ಹನ್ನೊಂದು ಹೆಜ್ಜೆ

ಟೇಪಿನ ತುದಿಯ ತಗಡಿನ ಕೊಕ್ಕೆ ತಣ್ಣಗಿದೆ, ಜಾರದಂತೆ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಅವಳು ಗೋಲ್ ಗೆರೆಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ, ಹಳದಿ ಪಟ್ಟಿ ಹುಲ್ಲಿನ ಮೇಲೆ ಸರಸರ ಬಿಚ್ಚಿಕೊಳ್ಳುತ್ತ ಹೋಗುತ್ತಿದೆ, ಆ ತುದಿ ಹಿಡಿದು ಗೋಡೆಯಣ್ಣ ಹಿಮ್ಮುಖವಾಗಿ ನಡೆಯುತ್ತಿದ್ದಾನೆ, ಅಪ್ಪನ ಜಾಗಕ್ಕೆ ಬಂದ ಹೊಸ ಕೋಚು ಅವನು, ಈ ಕಾಲೇಜಿನಲ್ಲೇ ಓದಿ ಈ ಗೋಲನ್ನೇ ಕಾದವನು, ಒಂದು ಚೆಂಡನ್ನೂ ಒಳಗೆ ಬಿಡುವುದಿಲ್ಲವೆಂದು ಗೋಡೆ ಅಂತ ಹೆಸರಿಟ್ಟವರು ಅಪ್ಪನೇ — ಟೇಪಂತೆ ಟೇಪು, ಅಪ್ಪ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಉಳಿದ ಗೆರೆಗಳಿಗೆಲ್ಲ ಗೂಟ ಇದೆ, ಹಗ್ಗ ಇದೆ, ಪೆನಾಲ್ಟಿ ಚುಕ್ಕೆಗೆ ಮಾತ್ರ ಅಪ್ಪ ಹಗ್ಗ ಮುಟ್ಟುತ್ತಿರಲಿಲ್ಲ, ಕಾಲಲ್ಲಿ ಒದೆಯೋ ಜಾಗ ಕಾಲಲ್ಲೇ ಅಳೀಬೇಕು ಮರಿ, ಹನ್ನೊಂದು ಮೀಟರು, ನನ್ನ ಹನ್ನೊಂದು ಹೆಜ್ಜೆ, ಹುಟ್ಟುವಾಗ್ಲೇ ಅಳತೆ ಕೊಟ್ಟು ಕಳಿಸಿದಾರೆ ನನಗೆ — ವರ್ಷಕ್ಕೊಮ್ಮೆ, ಪಂದ್ಯಗಳು ಶುರುವಾಗುವ ದಿನ ಬೆಳಿಗ್ಗೆ, ಗೆರೆಗೆ ಹಿಮ್ಮಡಿ ತಾಗಿಸಿ ನಿಂತು, ಕೊರಳಿನ ಸೀಟಿಯನ್ನು ಅಂಗಿಯೊಳಕ್ಕೆ ಇಳಿಬಿಟ್ಟುಕೊಂಡು, ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸುತ್ತ ಹೊರಡುವರು, ಹಿಂದೆ ಸುಣ್ಣದ ಬಕೆಟ್ಟು ಹಿಡಿದು ಅವಳು, ಹನ್ನೊಂದು ಅಂದಲ್ಲಿ ಒಂದು ಬೊಗಸೆ ಸುಣ್ಣ, ಆಮೇಲೆ ವರ್ಷವಿಡೀ ವಾರಕ್ಕೊಮ್ಮೆ ಅದೇ ಜಾಗಕ್ಕೆ ಇನ್ನಷ್ಟು — ಇವತ್ತು ನಾಲ್ಕು ಗಂಟೆಗೆ ಪಂದ್ಯ, ಅಪ್ಪ ಇಲ್ಲದ ಮೊದಲನೆಯದು, ಹುಡುಗರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳುತ್ತಾರಂತೆ, ಅಮ್ಮನೂ ಬರುತ್ತಾಳೆ, ಮೊದಲ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಿದ್ದಾರೆ, ಅದರ ಪಕ್ಕ ಅವಳಿಗೂ ಒಂದು, ತೊಂಬತ್ತು ನಿಮಿಷ ಅಮ್ಮನ ಪಕ್ಕ ಕೂತಿರಬೇಕು.

ಸರಿಯಾಗಿ ಆರಕ್ಕೆ ಸೀಟಿ, ಆಟ ಎಷ್ಟೇ ರಂಗೇರಿರಲಿ, ಆರೂವರೆಗೆ ಅಪ್ಪ ಮನೆಯ ಬಾಗಿಲಲ್ಲಿ, ಮೇಷ್ಟ್ರಿಗೆ ಮನೇಲಿ ಇನ್ನೊಬ್ಬರು ರೆಫ್ರಿ ಇದಾರೆ ಕಣ್ರೋ ಎಂದು ಹುಡುಗರು ಆಡಿಕೊಂಡರೆ, ಇದಾರಪ್ಪ, ಅವರು ಹಳದಿ ಕಾರ್ಡು ತೋರಿಸಲ್ಲ, ಸೀದಾ ಕೆಂಪೇ, ಅನ್ನುವರು — ಬೂಟನ್ನು ಹೊರಗೆ ಬಿಟ್ಟು, ಕಾಲ್ಚೀಲದ ಹುಲ್ಲುಕಡ್ಡಿಗಳನ್ನು ಒಂದೊಂದಾಗಿ ಆಯ್ದು ಕಿಟಕಿಯಾಚೆ ಎಸೆದು ಒಳಗೆ ಬರುವರು, ಮನೆಯೊಳಗೆ ಗ್ರೌಂಡು ತಂದರೆ ಅಮ್ಮನಿಗೆ ಆಗುವುದಿಲ್ಲ, ಆದರೆ ತರುತ್ತಿದ್ದರು, ಅಮ್ಮನ ಕೈ ಮುರಿದು ಪಟ್ಟಿ ಹಾಕಿದ ವರ್ಷ ನಲವತ್ತು ದಿನ ಅಮ್ಮನ ತಲೆ ಬಾಚಿದ್ದು ಅಪ್ಪನೇ, ನಡುಗೆರೆ ಎಳೆಯುವ ಗಾಂಭೀರ್ಯದಲ್ಲಿ ಬೈತಲೆ ತೆಗೆದು, ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, ಊಹೂಂ ಎಡಕ್ಕೆ ಹೋಯ್ತು ಎಂದು ಮತ್ತೆ ಬಿಚ್ಚಿ, ಅಮ್ಮ ಕನ್ನಡಿಯೊಳಗಿಂದಲೇ, ನನ್ನ ತಲೆ ಏನು ನಿಮ್ಮ ಗ್ರೌಂಡಾ, ಎಂದು ಗದರಿ, ಆದರೂ ಅಲುಗಾಡದೆ ಕೂತಿರುತ್ತಿದ್ದಳು, ಕಣ್ಣು ಮುಚ್ಚಿ — ಮಗಳಿಗೂ ಅಪ್ಪ ತಂದದ್ದು ಗ್ರೌಂಡನ್ನೇ, ಒಂಬತ್ತನೇ ಕ್ಲಾಸಿನಲ್ಲಿ ಟೀಚರು ಎದ್ದು ನಿಲ್ಲಿಸಿ ಓದು ಅಂದಾಗ ನಾಲಿಗೆ ಅಂಟಿಕೊಂಡು, ನಲವತ್ತು ಜನ ತಿರುಗಿ ಕೂತು ಕಾಯುತ್ತ, ಆ ಕಾಯುವುದಕ್ಕೂ ಒಂದು ಸದ್ದಿತ್ತು, ಮಾರನೆಯ ದಿನ ಜಪ್ಪಯ್ಯ ಅಂದರೂ ಹೋಗಲಿಲ್ಲ, ಅದರ ಮಾರನೆಯ ದಿನವೂ, ಅಮ್ಮ ಅತ್ತಳು, ಅಪ್ಪ ಬೈಯಲಿಲ್ಲ, ಮೂರು ತಿಂಗಳು ಕಾದು ಒಂದು ಸಂಜೆ ಬೂಟಿನ ದಾರ ಕಟ್ಟುತ್ತ, ಇನ್ಮೇಲೆ ದಿನಾ ಬಾ ಗ್ರೌಂಡಿಗೆ, ಅಲ್ಲಿ ಬಾಯಿ ಬೇಡ, ಕಣ್ಣಿದ್ರೆ ಸಾಕು — ಬೆಂಚಿನ ತುದಿಯಲ್ಲಿ ಕೂತು ನೋಡುತ್ತಿದ್ದಳು, ಆಟದ ನಡುವೆ ಅಪ್ಪ ಪಕ್ಕಕ್ಕೆ ಬಂದು ನಿಂತು ತುಟಿ ಅಲ್ಲಾಡಿಸದೆ, ಏನು ಕಂಡೆ, ಎಂದು ಕೇಳುವರು, ಆರನೇ ನಂಬರು ಎಡಗಾಲು ಉಳಿಸ್ಕೊಂಡು ಓಡ್ತಿದಾನೆ, ಎಂದರೆ ಮುಗಿಯಿತು, ಆರನೆಯವನು ಆಚೆಗೆ, ನಂಗೇನೂ ಆಗಿಲ್ಲ ಸಾರ್ ಎಂದು ಎಷ್ಟು ಗೋಗರೆದರೂ ಆಚೆಗೆ, ಬೂಟು ಬಿಚ್ಚಿಸಿದರೆ ಹಿಮ್ಮಡಿ ಊದಿಕೊಂಡಿರುತ್ತಿತ್ತು, ಸುಣ್ಣದಕ್ಕನ ಮುಂದೆ ಹುಷಾರು, ಮನಸಲ್ಲಿ ಕುಂಟಿದ್ರೂ ಹೇಳ್ತಾಳೆ, ಎಂದು ಹುಡುಗರು ನಗುತ್ತಿದ್ದರು, ಎಷ್ಟು ಜನ ಮುಚ್ಚಿಟ್ಟ ನೋವನ್ನು ಹೀಗೆ ಹಿಡಿದು ಕೊಟ್ಟಿದ್ದಾಳೆ ಅವಳು, ಏನು ಕಂಡೆ, ಆ ದನಿಯನ್ನು ಈಗಲೂ ಬೆಂಚಿನ ತುದಿಯಲ್ಲಿ ಕೂತಾಗ ಎಡಗಿವಿ ಕಾಯುತ್ತದೆ.

ಮೂರು ವರ್ಷದಿಂದಾದ್ರೂ ಇರಬೇಕು, ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಅಂದರು, ಸೊಂಟದ ಮೂಳೆಯೊಳಗೆ ಗಡ್ಡೆ ನಿಧಾನಕ್ಕೆ ಬೆಳೆದಿದೆ, ನೋವಿರಲಿಲ್ವಾ ಇವರಿಗೆ, ಅಪ್ಪ ಮಂಚದ ಮೇಲಿಂದ, ಅಂಥಾದ್ದೇನಿಲ್ಲ ಸಾರ್, ವಯಸ್ಸಾಯ್ತಲ್ಲ, ಎಂದು ಡಾಕ್ಟರನ್ನೇ ಸಮಾಧಾನ ಮಾಡಿದರು — ಬಚ್ಚಲಲ್ಲಿ ಬಿದ್ದ ದಿನದಿಂದ ಎರಡು ತಿಂಗಳು, ಅಷ್ಟೇ, ಬಂದವರೆಲ್ಲ ಬಂದು ಹೋದವರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಅಮ್ಮ ಅಪ್ಪನ ಅಂಗಿಗಳನ್ನು ಮಡಚುತ್ತ, ತಲೆ ಎತ್ತದೆ, ನೀನು ದಿನಾ ಜೊತೇಲೇ ಇರ್ತಿದ್ದೆಯಲ್ಲ, ನಿನಗೂ ಕಾಣಲಿಲ್ವಾ — ಬೈದದ್ದಲ್ಲ, ಬೈದಿದ್ದರೆ ಚೆನ್ನಾಗಿತ್ತು, ಕೇಳಿದಳಷ್ಟೇ, ಮತ್ತೆ ಕೇಳಲಿಲ್ಲ, ನಾಲ್ಕು ತಿಂಗಳಾಯಿತು, ಇಬ್ಬರ ನಡುವೆ ಆ ಪ್ರಶ್ನೆ ಊಟಕ್ಕೂ ಕೂರುತ್ತದೆ, ಮಲಗಲೂ ಬರುತ್ತದೆ, ಅವಳೋ ಅಪ್ಪನನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ನಡೆಸಿ ನೋಡುತ್ತಾಳೆ, ಗೇಟಿನಿಂದ ಬೆಂಚಿಗೆ, ಬೆಂಚಿನಿಂದ ನಲ್ಲಿಗೆ, ಪಾಪ, ಸತ್ತ ಮೇಲೂ ಅಪ್ಪನಿಗೆ ಕೂರಲು ಬಿಡುತ್ತಿಲ್ಲ, ಕುಂಟುತ್ತಿರಲಿಲ್ಲ ಅಪ್ಪ, ಕಾಲೆಳೆಯುತ್ತಿರಲಿಲ್ಲ, ಮೆಟ್ಟಿಲಲ್ಲಿ ಕೈ ಊರುತ್ತಿರಲಿಲ್ಲ, ಕೈಕಟ್ಟಿ ಬೆನ್ನ ಹಿಂದಿಟ್ಟು ನೆಟ್ಟಗೆ ನಡೆಯುತ್ತಿದ್ದರು — ಇವತ್ತು ಹೇಳಬೇಕು, ಆಟದ ಗದ್ದಲದಲ್ಲಿ, ಅಮ್ಮನ ಮುಖ ನೋಡದೆ, ಕಾಣಲಿಲ್ಲಮ್ಮ, ಕಾಣೋ ಥರ ಏನೂ ಇರಲೇ ಇಲ್ಲ, ನಾಲ್ಕೈದು ಮಾತು, ಬೆಳಿಗ್ಗೆಯಿಂದ ಬಾಯೊಳಗೇ ಹೇಳಿ ಹೇಳಿ ನಯ ಮಾಡಿಟ್ಟುಕೊಂಡಿದ್ದಾಳೆ.

ಹಿಡ್ಕೋ ತಂಗಿ, ಬಿಡಬೇಡ, ಗೋಡೆಯಣ್ಣನ ದನಿ, ಆಮೇಲೆ, ಹನ್ನೊಂದು, ಅವನು ಬಗ್ಗಿ ನೋಡುತ್ತಿದ್ದಾನೆ, ತಲೆ ಕೆರೆದುಕೊಂಡ, ಕೊಕ್ಕೆಯ ಮೇಲೊಂದು ಕಲ್ಲು ಹೇರಿಟ್ಟು ಸ್ವಲ್ಪ ಬಾ ಇಲ್ಲಿ ಎಂದ, ಅವಳು ಬಕೆಟ್ಟು ಹಿಡಿದು ಹೋದಳು — ಹೋದ ವರ್ಷದ ಚುಕ್ಕೆ ಗೋಲಿನ ಕಡೆಗೆ ಎರಡಡಿಗೂ ಹೆಚ್ಚು ಒಳಗಿದೆ, ಇನ್ನೂ ಬೆಳ್ಳಗಿದೆ, ಅದಕ್ಕೇ ನಮ್ಮ ಕೀಪರ್ರು ಒಂದು ಪೆನಾಲ್ಟೀನೂ ಹಿಡೀತಿರಲಿಲ್ಲ ನೋಡು, ಸುಮ್ಮನೆ ಬೈಸ್ಕೊಂಡ ಬಡಪಾಯಿ, ಎಂದು ನಕ್ಕ, ಅವಳು ನಗದಿದ್ದದ್ದು ನೋಡಿ ನಗು ನುಂಗಿಕೊಂಡ, ಸಾರ್ ಅಳತೆ ತಪ್ಪೋದು ಅಂದ್ರೆ ನಂಬಕ್ಕಾಗಲ್ಲ, ಇರಲಿ, ಹೊರಗಿನ ರೆಫ್ರಿ ಬರ್ತಾರೆ, ಟೇಪು ಹೇಳಿದಲ್ಲೇ ಹಾಕಿಬಿಡು, ಎಂದು ಬಲೆ ನೋಡಲು ಹೋದ, ಅವನ ಬೂಟಿನ ಮೊಳೆಗಳ ಸದ್ದು ದೂರವಾಯಿತು, ಅವಳು ಮಂಡಿಯೂರಿ ಕೂತಳು — ಸುಣ್ಣ ಬಿದ್ದಲ್ಲಿ ಹುಲ್ಲು ಸುಟ್ಟುಹೋಗುತ್ತದೆ, ಮತ್ತೆ ಹುಟ್ಟಲು ವರ್ಷಗಳು ಬೇಕು, ಹೋದ ವರ್ಷದ ಬಿಳಿ ಚುಕ್ಕೆಯ ಹಿಂದೆ ಒಂದು ಬೋಳು, ಅಂಗೈ ಅಗಲ, ಬೂದುಬಣ್ಣದ ಮಣ್ಣು, ಅದರ ಹಿಂದೆ ಇನ್ನೊಂದು, ಅಲ್ಲಿ ನಾಲ್ಕು ಎಳೆ ಹುಲ್ಲು ಎದ್ದಿದೆ, ಅದರ ಹಿಂದೆ ಇನ್ನೊಂದು, ಹುಲ್ಲು ಮುಚ್ಚಿ ಬರೀ ಬಣ್ಣದ ವ್ಯತ್ಯಾಸ, ಗೊತ್ತಿದ್ದವರಿಗಷ್ಟೇ ಕಾಣುವಂಥದ್ದು, ಟೇಪಿನ ಹನ್ನೊಂದು ಕೂತಿರುವುದು ಸರಿಯಾಗಿ ಅದರ ಮೇಲೆ, ಕೂದಲೆಳೆ ಆಚೀಚೆ ಇಲ್ಲ — ಅವಳು ಗೇಣು ಹಾಕಿದಳು, ಇಲ್ಲಿಂದ ಅಲ್ಲಿಗೆ ಒಂದು ಗೇಣು, ಅಲ್ಲಿಂದ ಮುಂದಕ್ಕೆ ಒಂದು, ಮುಂದಕ್ಕೆ ಇನ್ನೊಂದು, ವರ್ಷಕ್ಕೊಂದು ಗೇಣು, ಹನ್ನೊಂದು ಹೆಜ್ಜೆಗೆ ಒಂದು ಗೇಣಾದರೆ ಹೆಜ್ಜೆಗೆ ಎಷ್ಟು, ಲೆಕ್ಕದಲ್ಲಿ ಅವಳು ಎಂದೂ ಜಾಣೆಯಲ್ಲ, ಆದರೆ ಬೆರಳು ತಾನಾಗಿ ಮಣ್ಣಿನ ಮೇಲೆ ಅಡ್ಡ ಮಲಗಿತು, ಹೆಜ್ಜೆಗೆ ಒಂದು ಬೆರಳಗಲ ಮೊಟಕು, ಮರುವರ್ಷ ಇನ್ನೊಂದು, ಮರುವರ್ಷ ಇನ್ನೊಂದು, ಮೂರು ವರ್ಷದಿಂದಾದ್ರೂ ಇರಬೇಕು, ಆ ಕಡೆಯ ಗೋಲಿನ ಮುಂದೆಯೂ ಹೀಗೇ ಇರುತ್ತದೆ, ಹೋಗಿ ನೋಡುವುದು ಬೇಡ, ಇವುಗಳ ಮೇಲೆಲ್ಲ ಸುಣ್ಣ ಸುರಿದದ್ದು ಯಾರು, ವಾರ ವಾರ, ಕೈಯಾರೆ.

ಆದರೂ ಬೆರಳಗಲ ಯಾರಿಗೆ ಕಾಣುತ್ತದೆ, ಯಾರಿಗೂ ಕಾಣುವುದಿಲ್ಲ, ಅಮ್ಮನಿಗೆ ಅದನ್ನೇ ಹೇಳಬಹುದು, ಬಾ ತೋರಿಸ್ತೀನಿ, ಒಂದು ಬೆರಳು, ಹೇಗೆ ಕಾಣಬೇಕಿತ್ತು ಹೇಳು — ಇಬ್ಬನಿ, ಹೋದ ವರ್ಷ ಆ ಬೆಳಿಗ್ಗೆ ಇಬ್ಬನಿ ಬಿದ್ದಿತ್ತು, ಅಪ್ಪನ ಬೂಟು ಬಿದ್ದಲ್ಲೆಲ್ಲ ಹುಲ್ಲು ಕಡು ಹಸಿರಾಗಿ ಗುರುತು ಬಿಡುತ್ತಿತ್ತು, ಆ ಗುರುತುಗಳ ಮೇಲೇ ಪಾದ ಇಟ್ಟು ಹಿಂಬಾಲಿಸುವುದು ಅವಳ ಹಳೆಯ ಆಟ, ಚಿಕ್ಕವಳಿದ್ದಾಗ ಒಂದಕ್ಕೆ ಎರಡು ಹೆಜ್ಜೆ, ಆಮೇಲೆ ಹಾರಿ ಹಾರಿ, ಎತ್ತರ ಬೆಳೆದು ನಿಂತ ಮೇಲೂ ಎಷ್ಟು ಚಾಚಿದರೂ ಮೂರು ಬೆರಳು ಹಿಂದೆಯೇ ಬೀಳುತ್ತಿತ್ತು, ಆ ದಿನ ಚಾಚಿದ ಪಾದ ಹೋಗಿ ಗುರುತಿನೊಳಗೆ ಕೂತೇಬಿಟ್ಟಿತು, ಅಚ್ಚಿಗೆ ಹೊಯ್ದ ಹಾಗೆ, ಮುಂದಿನದ್ದೂ, ಅದರ ಮುಂದಿನದ್ದೂ, ಖುಷಿ ತಡೆಯಲಾರದೆ ಅವಳು, ಎಲ್ಲರೆದುರು ಬಾಯಿ ಬಿಡದ ಅವಳು, ಗ್ರೌಂಡಿನ ಆ ತುದಿಗೂ ಕೇಳುವ ಹಾಗೆ, ಅಪ್ಪಾ ನೋಡು, ನನ್ನ ಹೆಜ್ಜೆ ನಿನ್ನಷ್ಟೇ ಆಯ್ತು — ಅಪ್ಪ ತಿರುಗಲಿಲ್ಲ, ಬೆನ್ನು ಒಂದು ಗಳಿಗೆ ನಿಂತಿತು, ಬೆಳೆದುಬಿಟ್ಟೆ ಬಿಡು ಮರಿ, ಅಂದಿತು, ಅಮ್ಮನಿಗೆ ಹೇಳಬೇಡ, ಮದುವೆ ಮಾಡಬೇಕು ಅಂತ ಶುರು ಮಾಡ್ತಾಳೆ, ಎಂಟು, ಅಂದಿತು, ಒಂಬತ್ತು — ಹೇಳಲಿಲ್ಲ ಅವಳು, ಯಾರಿಗೂ, ಒಬ್ಬಳೇ ಎಷ್ಟೋ ದಿನ ಆ ಖುಷಿಯನ್ನು ಚಪ್ಪರಿಸಿದ್ದಳು, ಕಂಡಿತ್ತಮ್ಮ, ಕಂಡಿತ್ತು, ಕಂಡು ಕೂಗಿ ಹೇಳಿದ್ದೆ — ಗೇಟಿನ ಹತ್ತಿರ ಹುಡುಗರ ಸದ್ದು, ಯಾರೋ ಚೆಂಡು ಪುಟಿಸುತ್ತಿದ್ದಾರೆ, ಅಮ್ಮನೂ ಇನ್ನೇನು ಬರುತ್ತಾಳೆ, ಆಯ್ತಾ ತಂಗಿ, ಗೋಡೆಯಣ್ಣ ಕೇಳುತ್ತಿದ್ದಾನೆ, ಬೊಗಸೆಯಲ್ಲಿ ಸುಣ್ಣ ಹಾಗೇ ಇದೆ, ಟೇಪು ಹೇಳಿದ ಜಾಗ ಮೊಣಕಾಲ ಮುಂದೇ ಇದೆ, ಇಬ್ಬನಿಯ ಮೇಲೆ ಅಪ್ಪನ ಬಲಗಾಲು ಏಳುತ್ತದೆ, ಗಾಳಿಯಲ್ಲಿ ಒಂದಿಷ್ಟು ನಿಲ್ಲುತ್ತದೆ, ಮುಂದೆ ಹೋಗಬೇಕು, ಹೋಗುವುದಿಲ್ಲ, ಮೂರು ಬೆರಳಿನಷ್ಟು ಇತ್ತಲೇ ಇಳಿಯುತ್ತದೆ, ಹುಲ್ಲು ಕಡು ಹಸಿರಾಗುತ್ತದೆ, ಅವಳು ಕಾಲು ಚಾಚುತ್ತಾಳೆ, ಬಲಗಾಲು ಏಳುತ್ತದೆ, ಗಾಳಿಯಲ್ಲಿ ನಿಲ್ಲುತ್ತದೆ, ಇತ್ತಲೇ ಇಳಿಯುತ್ತದೆ, ಅವಳು ಕಾಲು ಚಾಚುತ್ತಾಳೆ, ನಗುತ್ತ, ಬಲಗಾಲು ಏಳುತ್ತದೆ, ಗಾಳಿಯಲ್ಲಿ