ಬೀಗ ಹಾಕಿಟ್ಟ ಕೊನೆಯ ಅಧ್ಯಾಯ

ನಲವತ್ತನೆಯ ನಂಬರಿನವರು ಒಳಗೆ ಹೋಗುವಷ್ಟರಲ್ಲಿ ಅವನು ಮೂರು ಸಲ ಬಾತ್‌ರೂಮಿಗೆ ಹೋಗಿ ಬಂದಿದ್ದ. ಅವನದು ನಲವತ್ತೊಂದು. ಕೂತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ನಡೆಯಬೇಕೆನಿಸುತ್ತಿತ್ತು, ನಡೆದರೆ ಕಂಕುಳಲ್ಲಿದ್ದ ಹಸ್ತಪ್ರತಿಯ ಫೈಲು ಜಾರುತ್ತಿತ್ತು. ಪತ್ತೇದಾರಿ ಲೇಖಕರ ಸಮ್ಮೇಳನದ ಎರಡನೆಯ ದಿನ. ದೊಡ್ಡ ಹಾಲಿನಲ್ಲಿ ಯಾರೋ ವಿಷ ಹಾಕುವ ಬಗೆಗಳನ್ನು ವಿವರಿಸುತ್ತಿದ್ದರು, ಜನ ಆರಾಮಾಗಿ ಬಿಸ್ಕತ್ತು ತಿನ್ನುತ್ತ ಕೇಳುತ್ತಿದ್ದರು. ಇವನಿಗೆ ಅದ್ಯಾವುದೂ ಬೇಕಿರಲಿಲ್ಲ. ಇವನು ಬಂದದ್ದು ಪಕ್ಕದ ಕೋಣೆಯಲ್ಲಿ ಸಿಗುವ ಏಳು ನಿಮಿಷಕ್ಕೆ. ಅಲ್ಲಿ ಕೂತ ಸಂಪಾದಕಿ, ಈ ವರ್ಷ ಹೊಸಬರಲ್ಲಿ ಒಬ್ಬರ ಕಾದಂಬರಿ ಮಾತ್ರ ಅಚ್ಚು ಹಾಕುತ್ತೇನೆಂದು ಮೊದಲೇ ಹೇಳಿಬಿಟ್ಟಿದ್ದರು.

ಅವನ ಕಸುಬು ಕೃತಕ ಹಲ್ಲು ಮಾಡುವುದು. ಪ್ಲಾಸ್ಟರಿನ ದವಡೆ ಎರೆದು, ಮೇಣದಲ್ಲಿ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುತ್ತಾನೆ. ಅಕ್ಕ ಅದನ್ನು ಹೆಸರು ಬರೆದ ಡಬ್ಬಿಗೆ ಹಾಕುತ್ತಾಳೆ. ಒಂಬತ್ತು ವರ್ಷದಿಂದ, ಸಂಜೆ ಮನೆ ಮುಂಭಾಗದ ಅಂಗಡಿ ಗುಡಿಸಿದ ಮೇಲೆ, ಬರೆದಷ್ಟನ್ನು ಅವಳಿಗೆ ಓದಿ ಹೇಳುತ್ತಿದ್ದ. ಕೊನೆಯ ಅಧ್ಯಾಯ ಬಿಟ್ಟು. "ಕೊಂದೋರ್ಯಾರು ಅಂತಾದ್ರೂ ಹೇಳೋ, ಗೊತ್ತಾಗ್ದೇನೇ ಸತ್ತುಹೋಗ್ತೀನೇನೋ" ಎಂದು ಅವಳು ಗೋಗರೆದರೂ ಜಪ್ಪಯ್ಯ ಎಂದಿರಲಿಲ್ಲ.

ಏಳು ನಿಮಿಷ ಮುಗಿದಾಗಲೆಲ್ಲ ಬಾಗಿಲಲ್ಲಿ ಗಂಟೆ ಬಾರಿಸುವ ಹೆಂಗಸು ಅವನನ್ನು ಒಳಗೆ ಬಿಟ್ಟಳು. ಸಂಪಾದಕಿ ಕನ್ನಡಕ ಏರಿಸಿ, ಫೈಲನ್ನು ಸೀದಾ ಹಿಂದಿನಿಂದ ತೆರೆದರು.

"ನಾನು ಕೊನೆಯಿಂದ ಶುರು ಮಾಡೋದು. ಅದು ಗಟ್ಟಿ ಇದ್ರೆ ಮಾತ್ರ ಮೊದಲಿಗೆ ಹೋಗ್ತೀನಿ. ಇದೇನು, ಕೊಂದೋರ್ಯಾರು ಅಂತ ಹೇಳ್ದೇನೇ ಇಪ್ಪತ್ತಾರನೇ ಅಧ್ಯಾಯಕ್ಕೇ ನಿಂತಿದೆ?"

"ಇಪ್ಪತ್ತೇಳು ಮನೇಲಿದೆ ಮೇಡಂ."

"ಮನೇಲಾ?"

"ಇಲ್ಲಿ ಇರೋರೆಲ್ಲಾ ಪತ್ತೇದಾರಿ ಬರೆಯೋರೇ. ಯಾರಾದ್ರೂ ಕದ್ದುಬಿಟ್ರೆ ಅಂತ..."

ಹೇಳುತ್ತಿರುವಾಗಲೇ ತನ್ನ ದಡ್ಡತನಕ್ಕೆ ಅವನ ಮೈಯೆಲ್ಲ ಉರಿದುಹೋಯಿತು. ಒಂಬತ್ತು ವರ್ಷ ಬರೆದು, ಕೈಗೆ ಬಂದದ್ದನ್ನು ತಾನೇ ಕಪಾಟಿನಲ್ಲಿ ಬೀಗ ಹಾಕಿಟ್ಟು ಬಂದಿದ್ದ! ಸಂಪಾದಕಿ ಫೈಲು ಮುಚ್ಚಿದರು. ಅವರಿಗೆ ಸಿಟ್ಟೇನೂ ಬಂದಂತಿರಲಿಲ್ಲ, ಅದೇ ಇವನಿಗೆ ಇನ್ನಷ್ಟು ಭಯ ಹುಟ್ಟಿಸಿತು.

"ಫೋನಲ್ಲಿ ಓದಿಸ್ತೀನಿ. ಒಂದೇ ನಿಮಿಷ" ಎಂದವನೇ ನಂಬರು ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

"ಏನೋ, ಆಯ್ತಾ? ಒಪ್ಕೊಂಡ್ರಾ?"

"ಅಕ್ಕಾ, ಕಪಾಟು ತೆಗಿ. ಕೊನೇ ಅಧ್ಯಾಯ ಓದು, ಜೋರಾಗಿ. ಕೀ ಮೇಲಿನ ಸಾಲಲ್ಲಿ, ಆ ದೊಡ್ಡ ದವಡೆ ಹಿಂದೆ ಇದೆ."

"ಅಯ್ಯೋ ನಿನ್ನ! ದಿನಾ ಧೂಳು ಒರೆಸೋಳು ನಾನು, ನನ್ನ ಕಣ್ಣಿಗೇ ಮಣ್ಣೆರಚಿದ್ಯಲ್ಲೋ!"

ಏನೋ ಬಿದ್ದ ಸದ್ದಾಯಿತು. ಆಮೇಲೆ ಅಕ್ಕನಿಗೆ ಕನ್ನಡಕ ಸಿಗಲಿಲ್ಲ, ಹುಡುಕಾಡಿ ಕೊನೆಗೆ ತಲೆಯ ಮೇಲೆಯೇ ಇದೆ ಎಂದಳು. ಗೋಡೆ ಗಡಿಯಾರದಲ್ಲಿ ಮೂರು ನಿಮಿಷ ಹೋಗಿತ್ತು. ಅವನು ಕುರ್ಚಿಯ ತುದಿಗೆ ಸರಿದು ಮತ್ತೆ ಹಿಂದೆ ಸರಿದ.

ಅಕ್ಕ ಓದತೊಡಗಿದಳು. ಬಿಲ್ಲು ಓದುವ ಹಾಗೆ, ಒಂದೇ ದನಿಯಲ್ಲಿ. "ಸತ್ತವನ ಬಾಯಲ್ಲಿದ್ದ ಹಲ್ಲಿನ ಸೆಟ್ಟು ಅವನದಲ್ಲ ಎಂದು ತಿಳಿಯಲು ತನಿಖಾಧಿಕಾರಿಗೆ ಹನ್ನೊಂದು ದಿನ ಬೇಕಾಯಿತು..." ಅವನು ಕಣ್ಣು ಮುಚ್ಚಿದ. ತನ್ನ ಒಂದೊಂದು ವಾಕ್ಯವೂ ಸಪ್ಪೆಯಾಗಿ ಕೇಳಿಸುತ್ತಿತ್ತು. ಸಂಪಾದಕಿ ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ ಕೂತಿದ್ದರು. ಓದು ಎರಡನೆಯ ಹಾಳೆಗೆ ಬಂದಾಗ ತಡವರಿಸಿತು.

"ಅಯ್ಯೋ ಪಾಪಿ! ಕೊಂದೋಳು ಆ ಲೈಬ್ರರಿಯವಳಾ?" ಅಕ್ಕ ಕೂಗಿಕೊಂಡಳು. "ಅವಳನ್ನ ಎಷ್ಟು ಒಳ್ಳೆಯೋಳು ಅಂದ್ಕೊಂಡಿದ್ದೆ ಕಣೋ! ನಾನು ಆ ಡಾಕ್ಟರನ್ನ ಸುಮ್ಸುಮ್ನೆ ಬೈಕೊಂಡು..."

"ಅಕ್ಕಾ, ಮುಂದೆ ಓದು."

"ತಡಿಯೋ."

ಅವಳು ಜೋರಾಗಿ ಓದಲಿಲ್ಲ. ಫೋನಿನಲ್ಲಿ ಉಸಿರಾಟ ಮಾತ್ರ ಕೇಳುತ್ತಿತ್ತು. "ಅಕ್ಕಾ!" ಎಂದ. ಇನ್ನೊಮ್ಮೆ ಕರೆಯಲು ಬಾಯಿ ತೆರೆದಾಗ ಸಂಪಾದಕಿ ತುಟಿಯ ಮೇಲೆ ಬೆರಳಿಟ್ಟರು. ಅವರ ಪೆನ್ನು ಮೇಜಿನ ಮೇಲಿತ್ತು.

ಬಾಗಿಲಲ್ಲಿ ಗಂಟೆ ಹಿಡಿದ ಹೆಂಗಸು ಇಣುಕಿದಳು. ಅವಳ ಹಿಂದೆ ನಲವತ್ತೆರಡನೆಯವರು ಫೈಲು ಅಪ್ಪಿಕೊಂಡು ನಿಂತಿದ್ದರು. ಸಂಪಾದಕಿ ತಲೆ ಎತ್ತದೆಯೇ, ತಾಳಿ ಎಂದು ಅವರತ್ತ ಅಂಗೈ ತೋರಿಸಿ, ಫೋನಿನ ಹತ್ತಿರಕ್ಕೆ ಬಾಗಿದರು. ಆ ಕಡೆಯಿಂದ, ತನ್ನಷ್ಟಕ್ಕೇ ಓದಿಕೊಳ್ಳುತ್ತಿದ್ದ ಅಕ್ಕ ಹಾಳೆ ಮಗುಚುವ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು.