ಭಾವನ ಎಡಗಾಲು

ವಾದ್ಯಗಳನ್ನು ಬಲ್ಲವರು ಎಷ್ಟೋ ಜನರಿರುವಾಗ ನಾನು ಇದನ್ನು ಹೇಳಲು ಹೊರಟಿದ್ದೇನೆ, ಕ್ಷಮಿಸಬೇಕು. ನುಡಿಸುವುದನ್ನೂ ರಿಪೇರಿಯನ್ನೂ ಸಂಜೆ ತರಗತಿಯಲ್ಲಿ ಕಲಿತವನು ನಾನು; ಎಲ್ಲಾದರೂ ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಮಾರಾಟಕ್ಕಿದ್ದ ಆ ಹಳೆಯ ಪೆಡಲ್ ಸ್ಟೀಲ್ ಗಿಟಾರನ್ನು ಮೊದಲು ಕಂಡವನು ನಾನೇ. ಮೇಜಿನಂತೆ ನಾಲ್ಕು ಕಾಲಿನ ಮೇಲೆ ನಿಲ್ಲುವ ವಾದ್ಯ ಅದು. ಮೇಲೆ ಹತ್ತು ತಂತಿ, ಕೆಳಗೆ ಮೂರು ಪೆಡಲ್. ಎಡಗಾಲಲ್ಲಿ ತುಳಿದರೆ ಒಳಗಿನ ಕಡ್ಡಿ ತಂತಿಯನ್ನೆಳೆದು ಸ್ವರ ಏರಿಸುತ್ತದೆ. ಮಾರುವವರನ್ನು ಕೇಳಲು ಹದಿನೇಳು ಪ್ರಶ್ನೆ ಬರೆದುಕೊಂಡು ಎರಡು ವಾರ ಮೀನಮೇಷ ಎಣಿಸಿದೆ. ನಡುವೆ ಬಾಯಿತಪ್ಪಿ ಅಕ್ಕನ ಮನೆಯಲ್ಲಿ ಹೇಳಿಬಿಟ್ಟೆ. ಲಾರಿ ಓಡಿಸುವ ಭಾವ ಮರುದಿನವೇ ಹೋಗಿ, ಒಂದೂ ಪ್ರಶ್ನೆ ಕೇಳದೆ ಹೊತ್ತು ತಂದರು.

"ಏನ್ ಮೇಷ್ಟ್ರೇ, ಪ್ರಶ್ನೆಪತ್ರಿಕೆ ಇನ್ನೂ ಮುಗೀಲಿಲ್ವಾ?" ಭಾವ ನಕ್ಕರು. "ನೀನೇ ಇದನ್ನ ಸರಿ ಮಾಡಿಕೊಡಬೇಕು. ಮದುವೆಗೆ ಮುಂಚೆ ನಾನೂ ನುಡಿಸ್ತಿದ್ದೆ. ಮೊದಲ್ನೇ ಪೆಡಲ್ ಬಲತುದಿಗಿರಲಿ, ಮೂರನೇದು ಎಡಕ್ಕೆ. ನನ್ನ ಕಾಲು ಹಾಗೇ ಕಲ್ತಿರೋದು."

ನಾನು ಕಲಿತದ್ದು ಅದರ ತಿರುಗುಮುರುಗು. ಎರಡೂ ರೂಢಿಯಲ್ಲಿವೆ. ಅವರು ಹೇಳಿದ್ದನ್ನು ಪುಸ್ತಕದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದೆ.

ಮೂರು ಭಾನುವಾರ ಅದನ್ನು ಬೋರಲು ಹಾಕಿಕೊಂಡು ಕೂತೆ. ಕಡ್ಡಿಗಳನ್ನೆಲ್ಲ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಜೋಡಿಸಿದೆ. ಒಂದೊಂದು ತಂತಿ ಶ್ರುತಿಗೆ ಬಂದಾಗಲೂ ಹೊಟ್ಟೆ ಉರಿಯಿತು. ಇಷ್ಟು ಇಂಪಾದ ಸ್ವರ, ಕ್ಲಚ್ ತುಳಿಯುವ ಕಾಲಿಗೆ! ಕೊನೆಗೆ ಕೂತು ನುಡಿಸಿ ನೋಡಿದೆ. ಎಲ್ಲವೂ ಸರಿಯಾಗಿತ್ತು.

ಭಾವ ಕೂತು ಪೆಡಲ್ ತುಳಿದದ್ದೇ ಸ್ವರ ಎಲ್ಲಿಗೋ ಜಾರಿತು. ಮತ್ತೆ ತುಳಿದರು. ಮತ್ತೂ ಕೆಟ್ಟಿತು.

"ಇದೇನ್ರೀ, ಹಾಡೋ ರಿವರ್ಸ್ ಗೇರೋ?" ಎಂದಳು ಅಕ್ಕ.

ನನಗೆ ಆ ಕ್ಷಣವೇ ತಿಳಿಯಿತು: ಪೆಡಲುಗಳು ನನ್ನ ಕಾಲಿನ ಲೆಕ್ಕಕ್ಕೆ ಕೂತಿದ್ದವು. ಬಾಯಿ ಬಿಡಲಿಲ್ಲ. ಭಾವ ತಮ್ಮ ಎಡಗಾಲನ್ನು ಬೇರೆಯವರದ್ದೇನೋ ಎಂಬಂತೆ ನೋಡಿಕೊಂಡರು.

"ಮರೆತೇ ಹೋಗಿದೆ ಕಣೇ," ಎಂದು ಎದ್ದರು. "ತಗೊಂಡು ಹೋಗೋ, ನೀನೇ ಇಟ್ಕೋ."

ಹೇಳಲು ನಾಚಿಕೆಯಾಗುತ್ತದೆ, ಒಯ್ದೆ. ಅಷ್ಟು ಭಾರದ ವಾದ್ಯ ಮೆಟ್ಟಿಲಿಳಿಯುವಾಗ ಹಗುರವಾಗಿತ್ತು.

ಆದರೆ ಒಂದು ವಾರ ನುಡಿಸಲಾಗಲಿಲ್ಲ. ಕೂತಾಗಲೆಲ್ಲ ಭಾವ ಕಾಲು ನೋಡಿಕೊಂಡದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಕೊನೆಗೆ ಕಡ್ಡಿಗಳನ್ನು ಬಿಚ್ಚಿ, ಅವರು ಹೇಳಿದ್ದ ಕ್ರಮದಲ್ಲೇ ಜೋಡಿಸಿ, ಹೊತ್ತುಕೊಂಡು ಹೋದೆ.

"ಪೆಡಲ್ ಅದಲುಬದಲಾಗಿತ್ತು ಭಾವ. ತಪ್ಪು ನಂದೇ, ನಿಮ್ಮ ಕಾಲಿನದ್ದಲ್ಲ."

ಅವರು ಕೂತರು. ಹಳೆಯ ಧಾಟಿಯೊಂದು ಎಲ್ಲೂ ಎಡವದೆ ಬಂತು. ಅಕ್ಕ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ನನಗಿಂತ ಚೆನ್ನಾಗಿ ನುಡಿಸಿದರು. ಆಗಲೂ ಹೊಟ್ಟೆ ಉರಿಯಿತು.

ನಿಲ್ಲಿಸಿ ನನ್ನತ್ತ ನೋಡಿದರು, ನಗಲಿಲ್ಲ. "ನಾನ್ ಹೇಳಿದ್ದು ಮರೆತಿದ್ಯೇನೋ?"

"ಹೂಂ ಭಾವ, ಮರೆತಿದ್ದೆ" ಎಂದೆ.

ಎರಡು ಗೆರೆ ಎಳೆದ ಆ ಪುಟ ಈಗಲೂ ನನ್ನ ಬಳಿ ಇದೆ. ಅಂದು ನಾನು ಹೇಳಿದ್ದು ನಿಜವೋ ಸುಳ್ಳೋ, ನನಗೆ ಗೊತ್ತಿಲ್ಲ.