ಮುನಿಸಿಕೊಂಡ ಲಿಫ್ಟು

"ಇನ್ನೂ ಎಷ್ಟ್ ಹೊತ್ತು ಬೇಕು?" ಮೂರನೇ ಮಹಡಿಯ ಮುದುಕಿಯ ಮಗ ಮತ್ತೆ ಕೇಳಿದ. ಹನ್ನೊಂದಕ್ಕೆ ಅವನ ತಾಯಿಗೆ ಡಯಾಲಿಸಿಸ್. ಗಾಲಿಕುರ್ಚಿಯಲ್ಲಿ ಕೂತ ಮುದುಕಿ ಮಡಿಲಲ್ಲಿ ಆಸ್ಪತ್ರೆಯ ಫೈಲು ಹಿಡಿದು ಲಿಫ್ಟಿನ ಬಾಗಿಲನ್ನೇ ನೋಡುತ್ತಿದ್ದರು. ಖಾಲಿ ಲಿಫ್ಟು ಎರಡು ಮೂರನೇ ಮಹಡಿಗಳ ನಡುವೆ ನಿಂತುಬಿಟ್ಟಿತ್ತು.

ರಿಪೇರಿಗೆ ಬಂದವಳು ಮೇಲಿನ ಯಂತ್ರದ ಕೋಣೆಯಿಂದ ಎರಡನೇ ಸಲ ಇಳಿದು ಬಂದಳು. ಬಣ್ಣ ಬಳಿದ ಪುಣ್ಯಾತ್ಮ ಗೋಡೆಯ ಜೊತೆಗೆ ಮಾಡೆಲ್ ನಂಬರಿನ ಫಲಕಕ್ಕೂ ಬಳಿದಿದ್ದ. ನಂಬರಿಲ್ಲದೆ ಮೊಬೈಲಿನಲ್ಲಿ ಏನಂತ ಹುಡುಕುವುದು?

ಹೋದ ತಿಂಗಳು ನಿವೃತ್ತರಾದ ಹಿರಿಯ ಮೆಕ್ಯಾನಿಕ್ಕನ್ನು ಕಂಪನಿಯಲ್ಲಿ ಎಲ್ಲರೂ ಮಾವ ಎನ್ನುತ್ತಿದ್ದರು. ಲಿಫ್ಟಿನ ಬಗ್ಗೆ ಇಂಟರ್ನೆಟ್ಟಿನಲ್ಲಿ ಕಂಡ ಏಳುನೂರು ಪುಟಗಳನ್ನು ಅವರು ಲಿಂಕು ಹಂಚಿಕೊಳ್ಳುವ ತಾಣವೊಂದರಲ್ಲಿ ಕೂಡಿಟ್ಟು, ಜನ ದೂರುವ ಮಾತಿನಲ್ಲೇ ಟ್ಯಾಗ್ ಹಾಕಿದ್ದರು: ಗೊರಕೆ, ನಡುಕ, ಸುಳ್ಳು ಮಹಡಿ, ಮುನಿಸು. ಇವಳಿಗೆ ನಗು ಬಂದಿತ್ತು. ಖಾತೆ ಕೈಗೆ ಬಂದದ್ದೇ ತಡ, ಎರಡು ಭಾನುವಾರ ಕೂತು ಆ ಟ್ಯಾಗನ್ನೆಲ್ಲ ಅಳಿಸಿ ಮಾಡೆಲ್ ನಂಬರು ಹಾಕಿದ್ದಳು. ಮ್ಯಾನೇಜರು ಭೇಷ್ ಎಂದಿದ್ದರು. ಈಗ ತನ್ನ ತಲೆ ತಾನೇ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು.

ನಾಚಿಕೆ ಬಿಟ್ಟು ಮಾವನಿಗೆ ಫೋನ್ ಮಾಡಿದಳು.

"ಏನ್ ಮಾಡ್ತಿದೆಯಮ್ಮ ಅದು?"

"ಕರೆಂಟಿದೆ, ಬಾಗಿಲೂ ಸರಿಯಾಗಿ ಹಾಕಿದೆ ಮಾವ. ಸುಮ್ನೆ ನಿಂತಿದೆ."

"ಹಾಗಾದ್ರೆ ಮುನಿಸು. ಯಂತ್ರದ ಕೋಣೆ ಬೋರ್ಡಿನ ಸ್ವಿಚ್ಚುಗಳನ್ನ ಒಂದು ಕ್ರಮದಲ್ಲಿ ಒತ್ಬೇಕು. ಮುನಿಸು ಅಂತ ಹಾಕು, ನಾಲ್ಕೇ ಪುಟ ಬರುತ್ತೆ. ಫೋಟೋ ನೋಡಿ ಹೊಂದಿಸ್ಕೋ."

"ಆ ಟ್ಯಾಗೆಲ್ಲ ಅಳಿಸಿಬಿಟ್ಟೆ ಮಾವ. ಕ್ರಮ ನೀವೇ ಹೇಳಿ."

"ನೆನಪಿರೋ ಹಾಗಿದ್ರೆ ಯಾಕೆ ಬರೆದಿಡ್ತಿದ್ದೆ?" ಎಂದರು ಮೆಲ್ಲಗೆ. ಬೈದಿದ್ದರೆ ವಾಸಿಯಿತ್ತು. "ನನ್ನ ಟ್ಯಾಗ್ ನೋಡಿ ಆ ತಾಣದಲ್ಲಿ ಬೇರೆಯವರೂ ತಮ್ಮ ಲಿಂಕಿಗೆ ಹಾಕ್ಕೊಂಡಿದ್ರು. ಎಲ್ಲರ ಲಿಂಕಲ್ಲೂ ಹುಡುಕಿ ನೋಡು."

ಹುಡುಕಿದಳು. ನೆಟ್ಟು ಕುಂಟುತ್ತಿತ್ತು. ಮಗ ಗಡಿಯಾರ ನೋಡಿ ಪಕ್ಕದ ಮನೆಯವರನ್ನು ಕರೆದ. "ನಿಮ್ಮನ್ನ ನಂಬ್ಕೊಂಡ್ರೆ ಆಯ್ತು," ಎಂದವನೇ ಕುರ್ಚಿಗೆ ಕೈ ಹಾಕಿದ. ಇಬ್ಬರೂ ಎತ್ತಿಕೊಂಡು ಮೆಟ್ಟಿಲಿಳಿದರು. ಹಿಡಿಯಲು ಇವಳೂ ಹೋದಳು. ಮೂವರಿಗೆ ಜಾಗವಿರಲಿಲ್ಲ.

"ನೀನು ಕೆಲಸ ನೋಡ್ಕೋಮ್ಮ," ಎಂದರು ಮುದುಕಿ ತೂಗಾಡುತ್ತಲೇ. "ವಾಪಸ್ ಬರುವಾಗ ಹತ್ಬೇಕಲ್ಲ."

ಅವರ ಏದುಸಿರು ಕೆಳಗಿಳಿದು ಮರೆಯಾದ ಮೇಲೆ ಪುಟ ತೆರೆದುಕೊಂಡಿತು. ಯಾರೋ ಗುರುತಿಲ್ಲದವರು ಮುನಿಸು ಎಂಬ ಟ್ಯಾಗಿನಲ್ಲಿ ಒಂದೇ ಒಂದು ಲಿಂಕು ಉಳಿಸಿಕೊಂಡಿದ್ದರು. ಫೋಟೋದಲ್ಲಿ ಅದೇ ಬೋರ್ಡು. ಮೇಲಕ್ಕೆ ಓಡಿಹೋಗಿ ಅಲ್ಲಿ ಬರೆದ ಕ್ರಮದಲ್ಲೇ ಐದು ಸ್ವಿಚ್ಚು ಒತ್ತಿದಳು. ಲಿಫ್ಟು ಗೊಣಗುತ್ತ ಎದ್ದು ಮೂರನೇ ಮಹಡಿಗೆ ಬಂದು ಬಾಗಿಲು ತೆರೆಯಿತು. ಅಷ್ಟರಲ್ಲಿ ಕೆಳಗೆ ಕಾರು ಹೊರಟ ಸದ್ದಾಯಿತು.

ಮುದುಕಿ ಮರಳಲು ಇನ್ನು ಐದು ಗಂಟೆ. ಇವಳು ಬಾಗಿಲು ಮುಚ್ಚದಂತೆ ಹತ್ಯಾರದ ಚೀಲ ಅಡ್ಡ ಇಟ್ಟು, ಮೆಟ್ಟಿಲ ಮೇಲೆ ಕೂತು, ಮಾವನ ಟ್ಯಾಗು ಮತ್ತೆ ಹಾಕಲು ಏಳುನೂರರಲ್ಲಿ ಮೊದಲನೆಯ ಲಿಂಕು ತೆರೆದಳು.